ಪಾಠಕ್ಕೆ ಮುಂಚಿನ ತಯಾರಿ

ಮೊದಲೇ ಹೇಳಿಬಿಡುತ್ತೇನೆ, ಫಾಲಾಕ್ಷನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಊರಿನವರು ಈಗ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ, "ಏನೇ ಆಗ್ಲಿ ಜಲಜಮ್ಮ, ಕೊನೆಗೆ ಎಲ್ಲ ಒಳ್ಳೇದೇ ಆಯ್ತಲ್ಲ" ಎಂದು ಹಲ್ಲು ಕಿರಿಯುತ್ತಾರೆ. ಅವರ ಗಂಟೇನು ಹೋಗಬೇಕು? ಪೆಟ್ಟು ತಿಂದವರು ಅವರಲ್ಲ. ಮೂರು ವಾರ ಆ ಪೆಟ್ಟಿಗೆ ಶಭಾಷ್ ಹೇಳಿದವರೂ ಅವರಲ್ಲ. ಹೇಳಿದವಳು ನಾನು. ಆದ್ದರಿಂದ ನಡೆದದ್ದನ್ನು ನಾನೇ ಹೇಳುತ್ತೇನೆ.

ನಮ್ಮ ಊರಿನ ನಾಯಿಗಳಿಗೆ ತಾವು ಮಲಗುವ ಮನೆಯವರ ಮಾತು ಕೇಳಿಸುವುದಿಲ್ಲ. ಪಾತ್ರೆ ಬಿದ್ದರೆ ಕೇಳಿಸುತ್ತದೆ, ಪಕ್ಕದ ಬೀದಿಯ ಸ್ಕೂಟರ್ ಕೇಳಿಸುತ್ತದೆ, ಅಟ್ಟದ ಮೇಲೆ ಇಲಿ ಓಡಿದ್ದು ಕೇಳಿಸುತ್ತದೆ. ಅನ್ನ ಹಾಕುವ ಯಜಮಾನಿ ಗಂಟಲು ಹರಿಯುವಂತೆ ಕೂಗಿದರೆ ಮಾತ್ರ ಕಿವಿಯೂ ಅಲುಗುವುದಿಲ್ಲ. ಬೇರೆ ಮನೆಯಲ್ಲಿ ಒಂದು ರಾತ್ರಿ ಮಲಗಿಸಿದರೆ ಆ ಮನೆಯವರ ಮಾತು ಮುಚ್ಚಿ, ಹಳೆಯ ಮನೆಯವರ ಮಾತು ತೆರೆಯುತ್ತದೆ. ಇಲ್ಲಿ ಹುಟ್ಟಿದವರಿಗೆ ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಬಾವಿ ನೀರು ಗಡಸು, ನಾಯಿಗೆ ಮನೆಯವರ ಮಾತು ಕೇಳಿಸದು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ.

ನಮ್ಮಜ್ಜಿಯ ಕಾಲದಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕೂಗಿ ನಾಯಿ ಕರೆಯುತ್ತಿದ್ದರಂತೆ. ನಮ್ಮ ನಾಯಿಗೆ ಅವರು, ಅವರ ನಾಯಿಗೆ ನಾವು. ನಡುವೆ ಒಂದು ಬೇಲಿಯ ಜಗಳ ಬಂತೆಂದರೆ ಮುಗಿಯಿತು, ಎರಡೂ ನಾಯಿಗಳು ಬೀದಿಪಾಲು. ಫೋನು ಬಂದ ಮೇಲೆ ಆ ಗೋಳು ತಪ್ಪಿ ನಮ್ಮಂಥವರು ಹುಟ್ಟಿಕೊಂಡೆವು. ನಮ್ಮನ್ನು ದನಿಯವರು ಅನ್ನುತ್ತಾರೆ. ನಾಯಿ ಸಾಕಿದ ಮನೆಯವರು ಕೈಯವರು. ನಾವು ನಮ್ಮ ಮನೆಯಲ್ಲಿ ಕೂತು ಫೋನಿನ ಪರದೆಯಲ್ಲಿ ನಾಯಿಯನ್ನು ನೋಡುತ್ತಾ ಮಾತಾಡುತ್ತೇವೆ. ಅವರು ಅಲ್ಲಿ ನಾವು ಹೇಳಿದ ಹಾಗೆ ಕೈ ಆಡಿಸುತ್ತಾರೆ. ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ. ಈಗ ಹದಿನಾಲ್ಕು ನಾಯಿಗಳಿಗೆ ನಾನು ದನಿ, ಒಂದರ ಮೈಯನ್ನೂ ಮುಟ್ಟಿದವಳಲ್ಲ. ದನಿಯವರು ನಾಯಿಯ ಮನೆ ಹೊಸ್ತಿಲು ತುಳಿಯಬಾರದು ಎಂಬುದು ನಮ್ಮ ಸಂಘದ ಕಟ್ಟಳೆ.

ಕೆಲಸ ಕೇಳುವುದಕ್ಕೆ ಸುಲಭ. ಫೋನನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಬೇಕು. ಬೇಯಿಸಿದ ಮೊಟ್ಟೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಬಟ್ಟಲಲ್ಲಿ ಇಟ್ಟುಕೊಳ್ಳಬೇಕು. ನಾನು "ಬಾ" ಎನ್ನುತ್ತೇನೆ. ನಾಯಿ ಒಂದು ಹೆಜ್ಜೆ ಇಟ್ಟರೂ ಸಾಕು, "ಶಭಾಷ್" ಎನ್ನುತ್ತೇನೆ. ಶಭಾಷ್ ಬಿದ್ದ ಕ್ಷಣಕ್ಕೆ ಕೈಯವರು ಚೂರು ಕೊಡಬೇಕು. ಅರೆಗಳಿಗೆ ತಡವಾದರೆ ನಾಯಿ ಅಷ್ಟರಲ್ಲಿ ತನ್ನ ಬಾಲ ಕಚ್ಚಿಕೊಳ್ಳುತ್ತಿರುತ್ತದೆ, ಬಾಲ ಕಚ್ಚಿದ್ದಕ್ಕೇ ಮೊಟ್ಟೆ ಸಿಕ್ಕಿತು ಎಂದುಕೊಳ್ಳುತ್ತದೆ. ತಪ್ಪು ಮಾಡಿದರೆ ಬೈಗುಳವಿಲ್ಲ, ಏಟಿಲ್ಲ. ಮೊಟ್ಟೆ ಸಿಗುವುದಿಲ್ಲ, ಅಷ್ಟೇ. ಉಳಿದ ಹೊತ್ತಿನಲ್ಲಿ ಅದರ ತಲೆಗೂ ಮೂಗಿಗೂ ಕೆಲಸ ಕೊಡಬೇಕು. ಹಳೆಯ ಟವೆಲಿನಲ್ಲಿ ಚಪಾತಿ ಚೂರು ಸುತ್ತಿ ಗಂಟು ಹಾಕಿ ಕೊಡಿ, ಬಿಚ್ಚಿಕೊಳ್ಳಲಿ. ರಟ್ಟಿನ ಡಬ್ಬಕ್ಕೆ ಪೇಪರಿನ ಉಂಡೆ ತುಂಬಿ ಒಳಗೆ ಒಣಮೀನು ಬಚ್ಚಿಡಿ, ಹುಡುಕಲಿ. ಇಷ್ಟು ಹೇಳಿದರೆ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: "ತಟ್ಟೆಗೆ ಹಾಕಿದ್ರೆ ಎರಡು ನಿಮಿಷಕ್ಕೆ ತಿಂದು ಮುಗಿಸುತ್ತಲ್ಲ ಮೇಡಂ, ಈ ತರಲೆ ಯಾಕೆ?" ನನ್ನ ಉತ್ತರವೂ ಒಂದೇ: "ನಿಮ್ಮನ್ನ ಇಡೀ ದಿನ ಗೂಟಕ್ಕೆ ಕಟ್ಟಿ ಮೂರು ಹೊತ್ತು ತಟ್ಟೆ ತಂದಿಟ್ರೆ ನೀವು ಏನು ಮಾಡ್ತೀರಿ? ಕುರ್ಚಿ ಕಾಲು ಕಡೀತೀರಿ." ನಾಯಿಗಳಿಗೆ ಎಷ್ಟು ಬೇಕಾದರೂ ತಾಳ್ಮೆ ಕೊಡಬಲ್ಲೆ. ಮನುಷ್ಯರ ಸರದಿ ಬರುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ.

ಫಾಲಾಕ್ಷ ಮಾರುಕಟ್ಟೆಯ ಹತ್ತಿರ ಬ್ಯಾಟರಿ ಅಂಗಡಿ ಇಟ್ಟುಕೊಂಡಿರುವವನು. ಹೆಂಡತಿ ಸರ್ವಮಂಗಳ. ಅವರ ನಾಯಿ ಬೆಲ್ಲ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಕೊಂಡಿದೆ. ನಮ್ಮಲ್ಲಿ ಒಂದೂವರೆ ವರ್ಷ ತುಂಬಿದ ನಾಯಿ ಪುರಸಭೆಯ ಮೈದಾನದಲ್ಲಿ ಪಟ್ಟಿ ಪರೀಕ್ಷೆ ಕೊಡಬೇಕು. ಮೂರೇ ಮಾತು: ಬಾ, ಇರು, ಜಾಗಕ್ಕೆ. ಮೈಕಿನಲ್ಲಿ ದನಿಯವರ ಮಾತು ಬಂದಾಗ ಮೂರನ್ನೂ ಮಾಡಿದರೆ ಕೊರಳಿಗೆ ಪಟ್ಟಿ ಕಟ್ಟುತ್ತಾರೆ. ಎರಡು ಸಲ ತಪ್ಪಿದರೆ ಹಸಿರು ವ್ಯಾನು ಬರುತ್ತದೆ, ಚೆಕ್‌ಪೋಸ್ಟಿನ ಆಚೆಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಒಂದು ನಾಯಿಯೂ ವಾಪಸ್ಸು ಬಂದಿಲ್ಲ. ಅಲ್ಲಿ ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಗೊತ್ತಾಗಿಬಿಡುತ್ತದೆಂದು. ಬೆಲ್ಲ ಒಂದು ಸಲ ತಪ್ಪಿಯಾಗಿತ್ತು. ಪರೀಕ್ಷೆಯ ನಡುವೆ ಮೈದಾನದಲ್ಲಿ ಮೇಯುತ್ತಿದ್ದ ಮೇಕೆಯ ಹಿಂದೆ ಓಡಿತ್ತು. ಅದರ ಹಳೆಯ ದನಿಯವರು ಕೈಚೆಲ್ಲಿದ ಮೇಲೆ ಫಾಲಾಕ್ಷ ನನಗೆ ಫೋನು ಮಾಡಿದ್ದ. ಎರಡನೆಯ ಪರೀಕ್ಷೆಗೆ ಆರು ವಾರ ಇತ್ತು.

ಮೊದಲ ಮೂರು ದಿನ ಬೆಲ್ಲ ಪಾಠದ ಹೊತ್ತಿಗೆ ನೆಗೆಯುತ್ತಿತ್ತು, ಫೋನು ನೆಕ್ಕುತ್ತಿತ್ತು, ಬಟ್ಟಲಿಗೇ ಬಾಯಿ ಹಾಕುತ್ತಿತ್ತು. ನಾಲ್ಕನೆಯ ದಿನದಿಂದ ಬೇರೆಯೇ ನಾಯಿ. ನನ್ನ ಕರೆ ಹೋಗುತ್ತಿದ್ದಂತೆ ಬಂದು ಫೋನಿನ ಮುಂದೆ ಕಲ್ಲಿನ ಹಾಗೆ ಕೂರುತ್ತಿತ್ತು. ಇರು ಎಂದರೆ ಇರುತ್ತಿತ್ತು. ಮೇಕೆಯ ಹಿಂದೆ ಓಡಿದ ನಾಯಿ ಇದೇನಾ ಎಂದು ನನಗೇ ಆಶ್ಚರ್ಯ. ಸಂಘದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ಬಂದೆ. ಅದು ಆಗಾಗ ಆಕಳಿಸುತ್ತಿತ್ತು, ತುಟಿ ನೆಕ್ಕಿಕೊಳ್ಳುತ್ತಿತ್ತು, ಕಣ್ಣಂಚಿನ ಬಿಳಿ ತೋರಿಸುತ್ತಿತ್ತು. ಹೆದರಿದ ನಾಯಿಯ ಲಕ್ಷಣ ಇವೇ ಎಂದು ಬೇರೆಯವರಿಗೆ ಪಾಠ ಹೇಳುವವಳು ನಾನು. ಬೆಲ್ಲನ ವಿಷಯದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ನಾನು ಹೆಮ್ಮೆಯಲ್ಲಿದ್ದೆ. ಅದು ಕಲ್ಲಾಗಿ ಕೂತಾಗಲೆಲ್ಲ ಶಭಾಷ್, ಶಭಾಷ್ ಎಂದೆ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಐದು ಗಂಟೆಯ ಪಾಠಕ್ಕೆ ಕಾಲು ಗಂಟೆ ಮುಂಚೆಯೇ ಕರೆ ಮಾಡಿದೆ. ಅದಕ್ಕೆ ಹಿಂದಿನ ಪಾಠದ ಮನೆಯವರು ಮದುವೆಗೆ ಹೋಗಿದ್ದರು, ಬಿಡುವಿತ್ತು. ಸರ್ವಮಂಗಳ ಫೋನು ಎತ್ತಿ ಜಾಗದಲ್ಲಿ ನಿಲ್ಲಿಸಿ, ಮೊಟ್ಟೆ ಸುಲಿಯುತ್ತಾ ಕೂತಳು. "ಬೇಗ ಮಾಡಿಬಿಟ್ರಲ್ಲ ಮೇಡಂ. ತಯಾರಿ ಇನ್ನೂ ಆಗಿಲ್ಲ" ಎಂದಳು. "ಸುಲೀರಿ, ಕಾಯ್ತೀನಿ" ಎಂದೆ. "ಮೊಟ್ಟೆ ಅಲ್ಲ. ಪಾಠಕ್ಕೆ ಮುಂಚೆ ಇವ್ರು ಎರಡು ಬಿಡ್ತಾರಲ್ಲ, ಅದು." ಹಾಲು ಇನ್ನೂ ಕಾದಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಹಿಂದಿನ ಹಿತ್ತಲ ಬಾಗಿಲಲ್ಲಿ ಫಾಲಾಕ್ಷ ಕಂಡ. ಒಂದು ಕೈಯಲ್ಲಿ ಬೆಲ್ಲನ ಕುತ್ತಿಗೆಯ ಚರ್ಮ, ಇನ್ನೊಂದರಲ್ಲಿ ರಬ್ಬರ್ ಪೈಪಿನ ತುಂಡು. ನಾಲ್ಕು ಹೊಡೆದ. ನಾಯಿ ಕುಂಯ್ ಎನ್ನಲಿಲ್ಲ. ಕೂಗಿದರೆ ಇನ್ನೊಂದು ಬೀಳುತ್ತದೆಂದು ಅದು ಯಾವಾಗಲೋ ಕಲಿತಿತ್ತು. ಆಮೇಲೆ ಪೈಪನ್ನು ಬಾಗಿಲ ಹಿಂದೆ ನೇತುಹಾಕಿ, ಕೈ ತೊಳೆದು, ಬೆಲ್ಲನನ್ನು ಎಳೆದು ತಂದು ಫೋನಿನ ಮುಂದೆ ಕೂರಿಸಿ, ನನ್ನನ್ನು ನೋಡಿ, "ನಮಸ್ಕಾರ ಮೇಡಂ, ಇವತ್ತು ಬೇಗ" ಎಂದ.

ಹನ್ನೊಂದು ವರ್ಷದಲ್ಲಿ ಒಬ್ಬ ಗಿರಾಕಿಗೂ ಏಕವಚನ ಬಳಸಿದವಳಲ್ಲ. ಅವತ್ತು ಬಳಸಿದೆ. "ನಿನ್ನ ಕೈ ಸೇದಿಹೋಗ" ಎಂದು ಶುರುಮಾಡಿದವಳು ಎಲ್ಲಿಗೆ ಹೋಗಿ ಮುಟ್ಟಿದೆನೋ ನೆನಪಿಲ್ಲ. ಅವನ ಅಂಗಡಿ, ಅವನ ಏಳು ತಲೆಮಾರು, ಯಾವುದನ್ನೂ ಬಿಡಲಿಲ್ಲ. ನಡುವೆ ಪರದೆಯ ಕಡೆ ಕಣ್ಣು ಹೋಯಿತು. ಫಾಲಾಕ್ಷ ಸುಮ್ಮನೆ ಕೂತಿದ್ದ. ಬೆಲ್ಲ ನೆಲಕ್ಕೆ ಅಂಟಿಕೊಂಡು ಮಂಚದ ಕೆಳಕ್ಕೆ ತೆವಳುತ್ತಿತ್ತು, ಅದು ತೆವಳಿದ ಜಾಗ ಒದ್ದೆಯಾಗಿತ್ತು. ಆ ಮನೆಯಲ್ಲಿ ಅದಕ್ಕೆ ಕೇಳಿಸುವ ದನಿ ನನ್ನದೊಂದೇ. ಅವನಿಗೆಂದು ನಾನು ಅರಚಿದ್ದೆಲ್ಲ ಅದರ ಮೇಲೆ ಬೀಳುತ್ತಿತ್ತು. ಬಾಯಿ ಮುಚ್ಚಿದೆ. ಸಮಾಧಾನ ಮಾಡೋಣವೆಂದರೆ ಯಾವ ದನಿಯಲ್ಲಿ ಮಾಡಲಿ? ಏಟಿನ ಹಿಂದೆಯೇ ಬರುತ್ತಿದ್ದ ದನಿಯೂ ಅದೇ ತಾನೆ. ಕರೆ ಕತ್ತರಿಸಿ ಚಪ್ಪಲಿ ಮೆಟ್ಟಿಕೊಂಡೆ.

ನಾಲ್ಕು ಬೀದಿ ನಡೆಯುವಷ್ಟರಲ್ಲಿ ಅವನಿಗೆ ಹೇಳಬೇಕಾದ್ದೆಲ್ಲ ನಾಲಿಗೆಯ ಮೇಲೆ ಸಾಲಾಗಿ ನಿಂತಿತ್ತು. ಹೊಸ್ತಿಲು ದಾಟಿದಾಗ ಒಂದನ್ನೂ ಆಡುವಂತಿರಲಿಲ್ಲ, ಬೆಲ್ಲನಿಗೆ ಕೇಳಿಸುತ್ತದೆ. "ದನಿಯವರು ಮನೆಗೆ ಬರೋ ಹಾಗಿಲ್ಲ ಮೇಡಂ" ಎಂದು ಫಾಲಾಕ್ಷ ಎದ್ದು ನಿಂತ. ನಾನು ಬೆಲ್ಲನ ಹಗ್ಗಕ್ಕೆಂದು ಕೈ ನೀಡಿದೆ. "ನಾಯಿ ಉಳೀಲಿ ಅಂತ ತಾನೆ ಹೊಡೆದಿದ್ದು" ಎಂದ. ನಾನು ಕೈ ಹಿಂತೆಗೆಯಲಿಲ್ಲ. ಸರ್ವಮಂಗಳ ಮಂಚದ ಕೆಳಗೆ ಬಗ್ಗಿ ಬೆಲ್ಲನನ್ನು ಈಚೆಗೆ ತಂದು ಹಗ್ಗವನ್ನು ನನ್ನ ಕೈಗಿಟ್ಟಳು. "ಕರ್ಕೊಂಡು ಹೋಗ್ಲಿ ಬಿಡ್ರಿ. ಇಲ್ಲಿದ್ರೂ ವ್ಯಾನಿಗೇ ಹೋಗೋದು" ಎಂದಳು. ಬಾಗಿಲ ಹಿಂದಿನ ಪೈಪನ್ನೂ ಕಿತ್ತುಕೊಂಡು ಬಂದು ಮೋರಿಗೆ ಎಸೆದೆ. ಇಡೀ ದಾರಿ ತುಟಿ ಕಚ್ಚಿಕೊಂಡು ನಡೆದೆ, ರಕ್ತ ಬಂತು.

ಒಂದು ರಾತ್ರಿ ನನ್ನ ಮನೆಯಲ್ಲಿ ಮಲಗಿದ ಮೇಲೆ ಬೆಳಗ್ಗೆ ನಾನು ಬೆಲ್ಲನಿಗೆ ದನಿಯಾಗಿ ಉಳಿದಿರಲಿಲ್ಲ. ಬಾಗಿಲ ಹತ್ತಿರ ನಿಂತು ಬೆಲ್ಲ, ಬೆಲ್ಲ ಎಂದೆ. ಅದು ಗೋಡೆಯನ್ನೇ ನೋಡುತ್ತಿತ್ತು. ಗೊತ್ತಿದ್ದೇ ಮಾಡಿದ್ದು, ಆದರೂ ಇನ್ನೊಮ್ಮೆ ಕರೆದು ನೋಡಿದೆ. ಪರೀಕ್ಷೆಗೆ ಇಪ್ಪತ್ತು ದಿನ. ಬೇರೆ ಯಾರಾದರೂ ದನಿಯಾಗಬೇಕು, ಅದೂ ಇವತ್ತಿನಿಂದಲೇ. ಸಂಘದ ಅಧ್ಯಕ್ಷ ಮರಿಸ್ವಾಮಪ್ಪನವರ ಮನೆಗೆ ಹೋದೆ. ಅವರು ವರಾಂಡದಲ್ಲಿ ಪೇಪರ್ ಓದುತ್ತಾ ಕೂತಿದ್ದರು, ಮಡಿಸಲೂ ಇಲ್ಲ. "ಗಿರಾಕಿ ಮನೆಗೆ ನುಗ್ಗಿ ನಾಯಿ ಎತ್ಕೊಂಡು ಬಂದಿದ್ದೀಯ. ನಾಳೆಯಿಂದ ನಮ್ಮನ್ನ ಯಾರು ನಂಬ್ತಾರಮ್ಮ?" ಎಂದರು. "ಅವನು ಹೊಡೀತಿದ್ದ" ಎಂದೆ. "ಯಾರು ಹೊಡೆಯಲ್ಲ ಹೇಳು? ಮಾತು ಕೇಳಿಸದ ಪ್ರಾಣಿ. ನಿನ್ನ ಹದಿನಾಲ್ಕು ಮನೇಲಿ ಎಷ್ಟು ಮನೆ ಹಿತ್ತಲು ನೋಡಿದ್ದೀಯ?" ಒಂದನ್ನೂ ನೋಡಿದವಳಲ್ಲ ನಾನು. ಅದಕ್ಕೇ ಇನ್ನೂ ಸಿಟ್ಟು ಬಂತು. "ಸಂಘದವರ್ಯಾರೂ ಆ ನಾಯಿಗೆ ದನಿ ಕೊಡಲ್ಲ" ಎಂದು ಅವರು ಪೇಪರಿನ ಪುಟ ತಿರುಗಿಸಿದರು.

ಅವರು ಹೇಳಿದ್ದು ನಿಜವೇ ಆಯಿತು. ಸಂಘದ ಒಳಗೂ ಹೊರಗೂ ಏಳು ಜನರನ್ನು ಕೇಳಿದೆ, ಏಳು ಜನರೂ ಒಂದೊಂದು ನೆಪ ಹೇಳಿದರು. ಮೂರನೆಯ ಸಂಜೆ ಐದು ಗಂಟೆಗೆ ನನ್ನ ಫೋನು ರಿಂಗಾಯಿತು. ಫಾಲಾಕ್ಷ. ಉಗಿಯಲಿಕ್ಕೆಂದೇ ಎತ್ತಿದೆ. "ಮೇಡಂ, ಬೆಲ್ಲ ಊಟ ಮಾಡ್ತಾ?" ಎಂದ. ಮೂಲೆಯಲ್ಲಿದ್ದ ಬೆಲ್ಲನ ಎರಡೂ ಕಿವಿ ನೆಟ್ಟಗಾದವು, ಮಡಿಸಿಕೊಂಡೇ ಇರುತ್ತಿದ್ದ ಆ ಕಿವಿಯೂ. ಎದ್ದು ಬಂತು. ಫೋನನ್ನು ಮೂಸಿತು. ಕತ್ತು ಒಂದು ಕಡೆ ವಾಲಿಸಿತು. ಅವನ ಮನೆಯಲ್ಲಿ ಒಂದೂವರೆ ವರ್ಷ ಬಾಳಿದ ನಾಯಿ, ಅವನ ದನಿಯನ್ನು ಹುಟ್ಟಿದಾಗಿನಿಂದ ಒಂದು ಸಲವೂ ಕೇಳಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಅವನ ಕೈ. ಈ ದನಿ ಯಾರದೋ, ಹೊಸಬರದ್ದು. ಬಾಲ ಸಣ್ಣಗೆ ಅಲುಗಿತು. ನನಗೆ ಮೈಯೆಲ್ಲ ಉರಿಯಿತು. ಈ ಊರಿನಲ್ಲಿ ಇಷ್ಟು ಜನರ ಗಂಟಲಿರುವಾಗ ಇದಕ್ಕೆ ಹಿಡಿಸಬೇಕಾದ್ದು ಇವನದೇ ಆಗಬೇಕಿತ್ತೆ?

"ಇಟ್ಬಿಡ್ಬೇಡಿ ಮೇಡಂ" ಎಂದ ಫಾಲಾಕ್ಷ. "ನನಗೆ ಕಣ್ಣು ಮುಚ್ಚಿದ್ರೆ ವ್ಯಾನೇ ಕಾಣ್ತಿತ್ತು. ನಾನು ಎಷ್ಟು ಕೂಗಿದ್ರೂ ಅದಕ್ಕೆ ಕೇಳ್ಸಲ್ಲ. ಇನ್ನೇನ್ ಮಾಡ್ಲಿ ಹೇಳಿ." "ಕೇಳಿಸದವರಿಗೆಲ್ಲ ಹೊಡೀತೀಯಾ?" ಎಂದೆ. ಬೆಲ್ಲ ಫೋನಿನ ಹಿಂದೆ ಹೋಗಿ ದನಿ ಎಲ್ಲಿ ಹೋಯಿತೆಂದು ಹುಡುಕಿ ಬಂತು. ಬೇರೆ ದಾರಿ ಇದ್ದಿದ್ದರೆ ಆಣೆಗೂ ಆ ಕರೆ ಕತ್ತರಿಸುತ್ತಿದ್ದೆ. "ನಾಳೆಯಿಂದ ದಿನಾ ಎರಡು ಹೊತ್ತು ಕರೆ ಮಾಡು. ದನಿ ನಿನ್ನದು, ಕೈ ನನ್ನದು. ಈ ಕಡೆ ಒಂದು ಹೆಜ್ಜೆ ಇಟ್ರೆ ಕಾಲು ಮುರೀತೀನಿ" ಎಂದೆ. "ಆಯ್ತು" ಎಂದ.

ಹದಿನೇಳು ದಿನ. ಅವನಿಗೆ ಏನೂ ಬರುತ್ತಿರಲಿಲ್ಲ. ಬಾ ಎನ್ನುವುದನ್ನು ಪೊಲೀಸರ ಹಾಗೆ ಹೇಳುತ್ತಿದ್ದ. ಶಭಾಷ್ ಅನ್ನು ನಾಯಿ ಬಂದು, ಕೂತು, ಎದ್ದು, ಕಿವಿ ಕೆರೆದುಕೊಂಡ ಮೇಲೆ ಹೇಳುತ್ತಿದ್ದ. ನನಗೆ ಅದರಲ್ಲೊಂದು ಅನುಕೂಲವಾಯಿತು. ನನ್ನ ಮಾತು ಬೆಲ್ಲನಿಗೆ ಈಗ ಕೇಳಿಸುವುದಿಲ್ಲವಲ್ಲ, ಅದರ ಮುಂದೆಯೇ ಅವನಿಗೆ ಮನಸಾರೆ ಬೈಯಬಹುದಿತ್ತು. ಮುಖ ಮಾತ್ರ ಸಿಡುಕಬಾರದು, ಕೈ ಒರಟಾಗಬಾರದು. ಮೊಟ್ಟೆಯ ಚೂರನ್ನು ಮೆತ್ತಗೆ ಅದರ ಬಾಯಿಗಿಡುತ್ತಾ, ನಗುನಗುತ್ತಾ ಹೇಳುತ್ತಿದ್ದೆ: "ಶನಿ ಮುಂಡೇದೆ, ಅದು ಇನ್ನೂ ನಡೀತಿರುವಾಗಲೇ ಹೇಳಬೇಕು ಶಭಾಷ್. ತಲೆಯಲ್ಲಿ ಏನಿದೆ, ಬ್ಯಾಟರಿ ನೀರಾ? ಮತ್ತೆ ಹೇಳು." ಅವನು ಮತ್ತೆ ಹೇಳುತ್ತಿದ್ದ. ಒಂದು ದಿನವೂ ಎದುರಾಡಲಿಲ್ಲ. ಅದೂ ನನಗೆ ಸಿಟ್ಟೇ. ಅವನೊಂದು ಎದುರುಮಾತು ಆಡಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಟವೆಲಿನ ಗಂಟು ಬಿಚ್ಚುವುದನ್ನು ಅವನು ಫೋನಿನಲ್ಲಿ ಅರ್ಧ ಗಂಟೆ ಅಲುಗಾಡದೆ ನೋಡುತ್ತಿದ್ದ. ಡಬ್ಬದಲ್ಲಿ ಬಚ್ಚಿಟ್ಟ ಒಣಮೀನನ್ನು ಬೆಲ್ಲ ಮೂರನೆಯ ಉಂಡೆಯಡಿ ಹುಡುಕಿ ತೆಗೆದ ದಿನ, "ಅರೆ, ಎಷ್ಟು ಬುದ್ಧಿ ಐತೆ ಮೇಡಂ ಇದಕ್ಕೆ. ನಮ್ಮನೇಲಿ ಇರೋವಾಗ ಗೊತ್ತೇ ಆಗ್ಲಿಲ್ಲ" ಎಂದ. "ನಿನಗೆ ಗೊತ್ತಾಗಿದ್ದೇನು?" ಎಂದೆ. ಎರಡನೆಯ ವಾರ ಮುಗಿಯುವ ಹೊತ್ತಿಗೆ ಅವನ ದನಿ ಇಳಿದಿತ್ತು. ಬಾ ಎಂದರೆ ಬೆಲ್ಲ ಕೋಣೆಯ ಆ ತುದಿಯಿಂದ ಕಿವಿ ಹಾರಿಸುತ್ತಾ ಓಡಿ ಬರುತ್ತಿತ್ತು. ಜಾಗಕ್ಕೆ ಎಂದರೆ ನನ್ನ ಕಾಲ ಹತ್ತಿರ ಹಾಸಿದ ಗೋಣಿತಟ್ಟಿನ ಮೇಲೆ ಹೋಗಿ ಮಲಗುತ್ತಿತ್ತು. ಅದು ಆಕಳಿಸುತ್ತಿರಲಿಲ್ಲ. ತುಟಿ ನೆಕ್ಕುತ್ತಿರಲಿಲ್ಲ. ಈ ಸಲ ನಾನು ಕಣ್ಣಿಟ್ಟು ನೋಡುತ್ತಿದ್ದೆ.

ಪರೀಕ್ಷೆಯ ಬೆಳಗ್ಗೆ ಗುಮಾಸ್ತ ಹಾಳೆ ನೋಡಿ ತಲೆ ಕೆರೆದುಕೊಂಡ. "ಯಜಮಾನ್ರೇ ದನಿನಾ? ಹೆಂಗಾಗುತ್ತೆ ಅದು?" "ನಾಯಿ ನನ್ನ ಮನೇಲಿ ಮಲಗುತ್ತೆ" ಎಂದೆ. "ಹಂಗಾದ್ರೆ ಯಜಮಾನ್ರು ನೀವಾ?" "ಕೈ ನಾನು, ಅಷ್ಟು ಬರ್ಕೊಳ್ಳಿ." ಮೈದಾನದ ಅಂಚಿನಲ್ಲಿ ಹಸಿರು ವ್ಯಾನು ಹಿಂಬಾಗಿಲು ತೆರೆದು ನಿಂತಿತ್ತು. ಮರಿಸ್ವಾಮಪ್ಪನವರೂ ಸಂಘದ ಅರ್ಧ ಜನರೂ ನೆರಳಿನಲ್ಲಿ ಕೂತಿದ್ದರು, ನಾನು ಸೋಲುವುದನ್ನು ನೋಡಲಿಕ್ಕೆ. ಫಾಲಾಕ್ಷ ಎಲ್ಲ ದನಿಯವರ ಹಾಗೆ ಮೈದಾನದ ಹಿಂದಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತಿದ್ದ. ಇರು, ಎಂದ. ಬೆಲ್ಲ ಇತ್ತು. ಮೇಕೆಗಳು ಅವತ್ತೂ ಮೇಯುತ್ತಿದ್ದವು, ಬೆಲ್ಲ ಒಮ್ಮೆ ನೋಡಿತು, ಆದರೂ ಇತ್ತು. ಬಾ, ಎಂದ. ಮೈಕಿನ ಕಂಬದ ಕಡೆಗೆ ಓಡಿ ಬಂತು. ಜಾಗಕ್ಕೆ, ಎಂದ. ಮನೆಯಿಂದ ತಂದು ಹಾಸಿದ್ದ ಗೋಣಿತಟ್ಟಿಗೆ ಬಂದು ಮಲಗಿತು. ಗುಮಾಸ್ತ ಕೆಂಪು ಪಟ್ಟಿ ತಂದು ಅದರ ಕೊರಳಿಗೆ ಕಟ್ಟಿದ. ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು.

ಹಾಳೆಗೆ ಸಹಿ ಹಾಕಲು ಯಜಮಾನ ಬರಬೇಕೆಂದು ಗುಮಾಸ್ತ ಕೂಗಿದ. ಫಾಲಾಕ್ಷ ಕೋಣೆಯಿಂದ ಹೊರಬಿದ್ದು ಮೈದಾನದ ಆ ತುದಿಯಿಂದ ನಡೆದು ಬಂದ. ಕಣ್ಣು ಒರೆಸಿಕೊಳ್ಳುತ್ತಿದ್ದ. ಬರುತ್ತಾ ಬರುತ್ತಾ ಎರಡೂ ಕೈ ಚಾಚಿ, "ಬೆಲ್ಲ, ಬಾ" ಎಂದ. ಹಗ್ಗ ನನ್ನ ಕೈಯಿಂದ ಜಾರಿತು. ಬೆಲ್ಲ ಬಾಲ ಬೀಸುತ್ತಾ ಆ ದನಿಯ ಕಡೆಗೆ ಓಡಿತು. ಅರ್ಧ ದಾರಿಯಲ್ಲಿ ಅವನ ಮೇಲಿನಿಂದ ಬಂದ ಗಾಳಿ ಮೂಗಿಗೆ ಬಡಿಯಿತು. ಅದು ನಿಂತಿತು. ದನಿ ಬಾ ಎನ್ನುತ್ತಿತ್ತು. ಕೈಗಳು ಎದುರಿಗಿದ್ದವು. ಬೆಲ್ಲ ಮಣ್ಣಿಗೆ ಹೊಟ್ಟೆ ಹಚ್ಚಿ ಕುಸಿಯಿತು, ಮೈ ಅದುರಿತು, ಅಡಿಯ ಮಣ್ಣು ಒದ್ದೆಯಾಯಿತು.

ಮರಿಸ್ವಾಮಪ್ಪನವರೂ ಎದ್ದು ನಿಂತಿದ್ದರು. ಅವನಿಗೆ ಇದು ಕಾಣಲಿ ಎಂದು ಹದಿನೇಳು ದಿನ ಕಾದವಳು ನಾನು. ಕಂಡಿತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ, ನಾಯಿ ನಡುಗುತ್ತಿತ್ತು. ಫಾಲಾಕ್ಷ ತನ್ನ ಕೈಗಳನ್ನು ನೋಡಿಕೊಂಡ. ಮೆಲ್ಲಗೆ ಅವನ್ನು ಬೆನ್ನ ಹಿಂದೆ ಕಟ್ಟಿದ. ಆಮೇಲೆ ಅದೂ ಸಾಲದೆಂದು ಪೂರ್ತಿ ಆ ಕಡೆಗೆ ತಿರುಗಿ, ಕೈಗಳನ್ನು ಎದೆಗೆ ಅವುಚಿಕೊಂಡು ನಾಯಿಗೆ ಬೆನ್ನು ಹಾಕಿ ನಿಂತ. ನಾನೇನೂ ಹೇಳಿಕೊಟ್ಟಿರಲಿಲ್ಲ.

"ಜಾಗಕ್ಕೆ, ಬೆಲ್ಲ" ಎಂದ, ಎದುರಿನ ಗೋಡೆಗೆ ಹೇಳಿದಂತೆ.

ಬೆಲ್ಲನ ಒಂದು ಕಿವಿ ಎದ್ದಿತು. ಆಮೇಲೆ ಇನ್ನೊಂದು. ಅದು ಮಣ್ಣಿನಿಂದ ಎದ್ದು, ಅವನ ಬೆನ್ನನ್ನು ನೋಡಿ, ತಿರುಗಿ ನನ್ನ ಕಡೆಗೆ ಮೊದಲ ಹೆಜ್ಜೆ ಇಟ್ಟಿತು. ಅವನಿಗೆ ಅದು ಕಾಣುವಂತಿರಲಿಲ್ಲ. "ಈಗ" ಎಂದು ಕೂಗಿದೆ. "ಶಭಾಷ್" ಎಂದ ಫಾಲಾಕ್ಷ, ತಿರುಗಲಿಲ್ಲ. ಬೆಲ್ಲ ಬಂದು ಗೋಣಿತಟ್ಟಿನ ಮೇಲೆ ಮಲಗಿತು. ನಾನು ಬಗ್ಗಿ ಮೊಟ್ಟೆಯ ಚೂರು ಕೊಟ್ಟೆ.